ಪುಣೆ ಹೋಟೆಲ್ಲಿನ ಮಾಣಿ ಬರಿಗಾಲಿನ ಅಯ್ಯರ್ ಆದದ್ದು

ಪೆನ್ನಾಗರಂ ಸೀಮೆ ಮೈಸೂರಿಗೆ ಸೇರಿದ್ದು 1652ರ ಸುಮಾರಿಗೆ, ಶ್ರೀರಂಗಪಟ್ಟಣದ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ. ಧರ್ಮಪುರಿ, ಡೆಂಕಣಿಕೋಟೆಗಳೂ ಆಗಲೇ ಅವರ ಕೈಗೆ ಬಂದವು. 1792ರ ಸಂಧಿಯಲ್ಲಿ ಬಾರಾಮಹಲು ಇಂಗ್ಲಿಷರ ಪಾಲಾಯಿತು. ಆ ಒಡೆಯರ ಕಥೆಯೇ 'ರಣಧೀರ ಕಂಠೀರವ' ಸಿನಿಮಾ. ಅದರಲ್ಲಿ ಗಾಜನೂರಿನ ರಾಜ್‌ಕುಮಾರ್ ಕತ್ತಿ ಹಿಡಿದದ್ದು ಎಲ್ಲರಿಗೂ ಗೊತ್ತು. ಆ ಕಥೆ ಬರೆದವರು ಒಂದು ಕಾಲಕ್ಕೆ ಪುಣೆಯ ಹೋಟ್ಲಲ್ಲಿ ಮಾಣಿಯಾಗಿದ್ದರು ಅನ್ನೋದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಅವರೇ ಜಿ.ವಿ. ಅಯ್ಯರ್, ಅಂದರೆ ಗಣಪತಿ ವೆಂಕಟರಮಣ ಅಯ್ಯರ್.

ಹುಟ್ಟಿದ್ದು 1917ರಲ್ಲಿ, ನಂಜನಗೂಡಿನಲ್ಲಿ. ಎಂಟು ವರ್ಷಕ್ಕೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ಕಂಪನಿ ಎಂದರೆ ಊಟ, ವಸತಿ, ಪಾಠ ಎಲ್ಲ ಒಂದೇ ಸೂರಿನಡಿ. ಮುಂದೆ ಅದೃಷ್ಟ ಪರೀಕ್ಷೆಗೆಂದು ಪುಣೆಗೆ ಹೋದರು. ಆಗ ಪುಣೆ ಎಂದರೆ ಪ್ರಭಾತ್ ಕಂಪನಿಯ ಊರು, ಸಿನಿಮಾ ಹುಚ್ಚು ಹತ್ತಿದವರಿಗೆ ಕಾಶಿ ಇದ್ದ ಹಾಗೆ. ಆದರೆ ಬಾಗಿಲು ತಟ್ಟಿದ ಕೂಡಲೇ ತೆರೆಯುವ ಊರಲ್ಲ ಅದು. ಹೊಟ್ಟೆ ಕೇಳಬೇಕಲ್ಲ, ಹೋಟ್ಲು ಸೇರಿದರು.

ಹೋಟ್ಲೇ ಯಾಕೆ ಅಂತ ಕೇಳಬಹುದು. ಮನೆ ಬಿಟ್ಟ ಹುಡುಗನಿಗೆ ಪರಊರಲ್ಲಿ ಬಾಡಿಗೆ ಕೊಡುವ ಶಕ್ತಿ ಇರೋದಿಲ್ಲ. ಹೋಟ್ಲಲ್ಲಿ ಎರಡು ಹೊತ್ತು ಊಟ ಉಂಟು, ರಾತ್ರಿ ಬೆಂಚು ಸರಿಸಿ ಮಲಗಲು ಜಾಗ ಉಂಟು. ಸಂಬಳ ಆಮೇಲಿನ ಮಾತು. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗಿ ತಟ್ಟೆ ಎತ್ತುವ ಹುಡುಗರ ಲೆಕ್ಕಾಚಾರವೂ ಇದೇ. ಅವರಲ್ಲಿ ಹಾಡುವವರು, ತಮಟೆ ಬಡಿಯುವವರು, ಕೂತ್ತಿನಲ್ಲಿ ವೇಷ ಕಟ್ಟಿದವರು ಇರುತ್ತಾರೆ. ಊರಿಗೆ ಬಂದಾಗ ಏನು ಕೆಲಸ ಅಂತ ಕೇಳಿದರೆ ಕಂಪನಿ ಅನ್ನುತ್ತಾರೆ, ಹೋಟ್ಲು ಅನ್ನಲು ನಾಚಿಕೆ. ಆ ನಾಚಿಕೆ ಯಾತಕ್ಕೋ ನನಗಂತೂ ತಿಳಿಯದು.

ಪುಣೆಯಿಂದ ಬರಿಗೈಲಿ ವಾಪಸು ಬಂದ ಅಯ್ಯರ್ ಸುಮ್ಮನೆ ಕೂರಲಿಲ್ಲ. 1943ರ 'ರಾಧಾರಮಣ'ದಲ್ಲಿ ಬಣ್ಣ ಹಚ್ಚಿದರು, 1954ರ 'ಬೇಡರ ಕಣ್ಣಪ್ಪ'ದಲ್ಲೂ ಕಾಣಿಸಿಕೊಂಡರು. ಆಗೆಲ್ಲ ಕನ್ನಡ ಸಿನಿಮಾ ತಯಾರಾಗುತ್ತಿದ್ದದ್ದು ಮದ್ರಾಸಿನಲ್ಲಿ, ಅದೂ ವರ್ಷಕ್ಕೆ ಬೆರಳೆಣಿಕೆಯಷ್ಟು. ಕಲಾವಿದರಿಗೆ ಕೆಲಸವೇ ಇಲ್ಲದ ಸ್ಥಿತಿ ಬಂತು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ನಾಲ್ವರೂ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿ, ಊರೂರು ತಿರುಗಿ ನಾಟಕ ಆಡಿದರು. ಆಮೇಲೆ 1960ರಲ್ಲಿ ಆ ಸಂಘದಿಂದಲೇ 'ರಣಧೀರ ಕಂಠೀರವ' ತೆಗೆದರು. ಬೇರೆಯವರ ಬಾಗಿಲು ಕಾಯುವ ಬದಲು ತಾವೇ ಅಂಗಡಿ ತೆರೆದಂತೆ. ವ್ಯಾಪಾರಸ್ಥರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ನಿರ್ದೇಶಕರಾಗಿ 1962ರಲ್ಲಿ 'ಭೂದಾನ' ಮಾಡಿದರು. ಬಡವನ ಭೂಮಿಯಾಸೆಯ ಕಥೆ. ರಾಜ್, ಉದಯಕುಮಾರ್, ಕಲ್ಯಾಣ್‌ಕುಮಾರ್ ಮೂವರೂ ಅದರಲ್ಲಿದ್ದರು. ನಂತರ 'ಪೋಸ್ಟ್ ಮಾಸ್ಟರ್', 'ಕಿಲಾಡಿ ರಂಗ', 'ಮೈಸೂರು ಟಾಂಗ' ಹೀಗೆ ಸಾಲು ಚಿತ್ರಗಳು. 1971ರಲ್ಲಿ ಭೈರಪ್ಪನವರ 'ವಂಶವೃಕ್ಷ'ಕ್ಕೆ ಹಣ ಹಾಕಿ, ನಿರ್ದೇಶನವನ್ನು ಗಿರೀಶ ಕಾರ್ನಾಡ, ಬಿ.ವಿ. ಕಾರಂತರಿಗೆ ಬಿಟ್ಟರು. ಹೊಸಬರನ್ನು ನಂಬಿ ದುಡ್ಡು ಸುರಿಯುವುದು ಸಣ್ಣ ಎದೆಗಾರಿಕೆಯಲ್ಲ.

ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ 1975ರ 'ಹಂಸಗೀತೆ'. ತ.ರಾ.ಸು. ಕಾದಂಬರಿ. ಚಿತ್ರದುರ್ಗದ ಸಂಗೀತಗಾರನೊಬ್ಬ ದೊರೆಯ ಅಪ್ಪಣೆಗೆ ಹಾಡಲಾರೆನೆಂದು ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುವ ಕಥೆ. ಆ ಪಾತ್ರಕ್ಕೆ ಅನಂತನಾಗ್. ಹಾಡಿದ ಬಾಲಮುರಳಿಕೃಷ್ಣರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೊಟ್ಟೆಪಾಡಿಗೆ ತಟ್ಟೆ ಎತ್ತಿದವರು ಇಂಥ ಕಥೆ ಆರಿಸಿಕೊಂಡದ್ದು ಸುಮ್ಮನೆ ಅಲ್ಲ ಎಂದು ನನಗೆ ಅನಿಸುತ್ತದೆ. ದುಡಿಮೆಗೆ ಕೈ ಕೊಟ್ಟರೂ ವಿದ್ಯೆಯನ್ನು ಯಾರ ಕಾಲಿಗೂ ಹಾಕಬಾರದು ಅನ್ನುವ ಹಟ ಅವರಲ್ಲಿತ್ತು.

1948ರಲ್ಲಿ ಗಾಂಧೀಜಿ ಹತ್ಯೆಯಾದ ಮೇಲೆ ಚಪ್ಪಲಿ ಬಿಟ್ಟರು. ಬಿಸಿಲಿರಲಿ, ವಿಮಾನ ನಿಲ್ದಾಣವಿರಲಿ, ಬರಿಗಾಲೇ. ದಿಲ್ಲಿಯಲ್ಲಿ ಪ್ರಶಸ್ತಿ ಎಣಿಸಿಕೊಳ್ಳುವ ಕಾಲವೂ ಬಂತು. 1983ರ 'ಆದಿ ಶಂಕರಾಚಾರ್ಯ' ಸಂಸ್ಕೃತದ ಮೊದಲ ಸಿನಿಮಾ. ಶ್ರೇಷ್ಠ ಚಿತ್ರವೂ ಸೇರಿ ನಾಲ್ಕು ರಾಷ್ಟ್ರಪ್ರಶಸ್ತಿ ಪಡೆಯಿತು. 1986ರಲ್ಲಿ 'ಮಧ್ವಾಚಾರ್ಯ' ಕನ್ನಡದಲ್ಲಿ. ಹೋಟ್ಲು ಎಂದರೆ ಉಡುಪಿ, ಉಡುಪಿ ಎಂದರೆ ಮಧ್ವರು. ಹಾಗೆ ನೋಡಿದರೆ ಹಳೇ ಋಣ ಸಂದಂತೆಯೂ ಆಯಿತು. 1989ರಲ್ಲಿ 'ರಾಮಾನುಜಾಚಾರ್ಯ', ಇದು ತಮಿಳಿನಲ್ಲಿ. ತಮಿಳು ಸೀಮೆಯಿಂದ ಬಂದು ಮೇಲುಕೋಟೆಯಲ್ಲಿ ನಿಂತ ಆಚಾರ್ಯರ ಕಥೆಯನ್ನು ನಂಜನಗೂಡಿನವರು ತಮಿಳಲ್ಲಿ ತೆಗೆದರು. ಎರಡು ಭಾಷೆಯಲ್ಲಿ ವ್ಯವಹಾರ ಮಾಡುವ ನಮಗೆ ಇದೇನು ದೊಡ್ಡ ಸೋಜಿಗವಲ್ಲ.

1993ರ 'ಭಗವದ್ಗೀತೆ'ಗೂ ಶ್ರೇಷ್ಠ ಚಿತ್ರ ಪ್ರಶಸ್ತಿ ಬಂತು. 1998ರಲ್ಲಿ ಹಿಂದಿಯಲ್ಲಿ 'ಸ್ವಾಮಿ ವಿವೇಕಾನಂದ'. ಆಮೇಲೆ ರಾಮಾಯಣವನ್ನು ತೆರೆಗೆ ತರಬೇಕೆಂದು ಓಡಾಡುತ್ತಿದ್ದರು. ಅದು ಕೈಗೂಡುವ ಮೊದಲೇ, 2003ರ ಡಿಸೆಂಬರ್ 21ರಂದು, 86ನೇ ವಯಸ್ಸಿನಲ್ಲಿ ತೀರಿಕೊಂಡರು.