ಬಳ್ಳಾರಿಯಲ್ಲಿ ರಾತ್ರಿ ತಂಗಿ ಮದ್ರಾಸಿಗೆ ಅಂಚೆ ತಂದ ಪೈಲಟ್: ಯಾರು ಈ ನೆವಿಲ್ ವಿನ್ಸೆಂಟ್?

ಚೆನ್ನೈ: ಹಳೆಯ ಏರ್‌ಮೇಲ್ ಲಕೋಟೆ ಸಂಗ್ರಹಿಸುವವರು ಹುಡುಕಾಡುವ ದಿನಾಂಕಗಳಲ್ಲಿ 1932ರ ಅಕ್ಟೋಬರ್ 15 ಕೂಡ ಒಂದು. ಟಾಟಾ ಸಂಸ್ಥೆಯ ಅಂಚೆ ವಿಮಾನ ಕರಾಚಿಯಿಂದ ಮೊದಲ ಬಾರಿಗೆ ಹೊರಟ ದಿನವದು. ಈ ಹಾರಾಟ ಎಂದರೆ ಎಲ್ಲರಿಗೂ ನೆನಪಾಗುವುದು ಜೆ.ಆರ್.ಡಿ. ಟಾಟಾ. ಆದರೆ ಅವರು ವಿಮಾನ ಹಾರಿಸಿದ್ದು ಅಹಮದಾಬಾದ್ ಮಾರ್ಗವಾಗಿ ಮುಂಬೈನ ಜುಹುವರೆಗೆ ಮಾತ್ರ. ಅಲ್ಲಿಂದ ಮದ್ರಾಸಿಗೆ ಅಂಚೆ ತಲುಪಿಸಿದವರು ನೆವಿಲ್ ವಿನ್ಸೆಂಟ್.

ಬ್ರಿಟನ್‌ನ ರಾಯಲ್ ಏರ್ ಫೋರ್ಸ್‌ನಲ್ಲಿ ಪೈಲಟ್ ಆಗಿದ್ದ ವಿನ್ಸೆಂಟ್ 1920ರ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದರು. ಇಂಗ್ಲೆಂಡಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತರುತ್ತಿದ್ದ ಅಂಚೆಯನ್ನು ದಕ್ಷಿಣಕ್ಕೂ ವಿಮಾನದಲ್ಲೇ ಒಯ್ಯುವ ಯೋಜನೆಯನ್ನು ಟಾಟಾ ಮುಂದಿಟ್ಟವರು ಇವರೇ. ಸರ್ಕಾರದ ಸಹಾಯಧನ ಸಿಗಲಿಲ್ಲ. ಕೊನೆಗೆ ದೊರಾಬ್ಜಿ ಟಾಟಾ 2 ಲಕ್ಷ ರೂಪಾಯಿ ಬಂಡವಾಳಕ್ಕೆ ಒಪ್ಪಿದರು. ಎರಡು ಪುಟ್ಟ ಪುಸ್ ಮಾತ್ ವಿಮಾನಗಳೊಂದಿಗೆ ಸೇವೆ ಶುರುವಾಯಿತು.

ಮೊದಲ ಹಾರಾಟದಲ್ಲಿ ವಿನ್ಸೆಂಟ್, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯಲ್ಲಿ ರಾತ್ರಿ ತಂಗಿದರು. ಮರುದಿನ ಮದ್ರಾಸ್ ಮುಟ್ಟಿದರು.

ಹತ್ತು ವರ್ಷವೂ ತುಂಬಲಿಲ್ಲ. ಭಾರತದಲ್ಲಿ ವಿಮಾನ ತಯಾರಿಸುವ ಕುರಿತು ಮಾತುಕತೆಗೆ ಬ್ರಿಟನ್‌ಗೆ ಹೋಗಿದ್ದ ವಿನ್ಸೆಂಟ್, 1942ರಲ್ಲಿ ಯುದ್ಧದ ನಡುವೆ ಸೇನಾ ವಿಮಾನದಲ್ಲಿ ಹಿಂತಿರುಗುತ್ತಿದ್ದರು. ಆ ವಿಮಾನ ಭಾರತ ತಲುಪಲೇ ಇಲ್ಲ. 1946ರಲ್ಲಿ ಟಾಟಾ ಏರ್‌ಲೈನ್ಸ್ 'ಏರ್ ಇಂಡಿಯಾ' ಆದಾಗ ಅದನ್ನು ನೋಡಲು ಅವರಿರಲಿಲ್ಲ.

ಅಂಚೆ ಮುದ್ರೆಯಲ್ಲಿ ಊರು, ದಿನಾಂಕ ಇರುತ್ತದೆ. ಪೈಲಟ್ ಹೆಸರು ಇರುವುದಿಲ್ಲ. ಪೈಲಟ್ ಸಹಿ ಇರುವ ಲಕೋಟೆ ಸಿಕ್ಕರೆ ಸಂಗ್ರಹಕಾರರು ಜೋಪಾನ ಮಾಡುವುದು ಅದಕ್ಕೇ.