ಮನೆಯನ್ನು ಎಳೆದುಕೊಂಡು ಹೋದವನು

ಬೀದರಿನಿಂದ ಮಾಂಜ್ರಾ ನದಿಯನ್ನು ದಾಟಿ ಔರಾದಿನ ಕಡೆಗೆ ಹೋಗುವ ಹಾದಿಯಲ್ಲಿ, ಕಬ್ಬು ಕಡಿಯುವ ಕಾಲ ಬಂತೆಂದರೆ, ಒಂದು ನೋಟ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಟ್ರ್ಯಾಕ್ಟರೊಂದು ಒಂದರ ಹಿಂದೊಂದು ಕೂಡಿಸಿದ ಎರಡು ಟ್ರಾಲಿಗಳನ್ನು ಎಳೆದುಕೊಂಡು ನಿಧಾನವಾಗಿ ಸಾಗುತ್ತಿರುತ್ತದೆ. ಟ್ರಾಲಿಯೊಳಗೆ ಜೋಳದ ಚೀಲ, ರೊಟ್ಟಿಯ ಹಂಚು, ನೀರಿನ ಕೊಡ, ತಾಡಪತ್ರಿ, ಗುಡಿಸಲಿಗೆ ಬೇಕಾದ ಗಳಗಳು, ಇವೆಲ್ಲದರ ಮೇಲೆ ಮಲಗಿ ನಿದ್ರಿಸುತ್ತಿರುವ ಒಂದು ಮಗು. ತಾಂಡಾದ ಒಂದು ಸಂಸಾರ ಆರು ತಿಂಗಳ ಬಾಳನ್ನು ಗಾಲಿಗಳ ಮೇಲೇರಿಸಿ ಹೊರಟಿದೆ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. ನಾನು ಪಾಠ ಹೇಳುವ ಭಾಲ್ಕಿಯ ತರಗತಿಯಲ್ಲಿ ಪ್ರತಿವರ್ಷವೂ ಈ ದಿನಗಳಲ್ಲಿ ಎರಡು ಮೂರು ಬೆಂಚುಗಳು ಬರಿದಾಗುತ್ತವೆ.

ಗಾಲಿಯ ಮೇಲಿನ ಮನೆಯನ್ನು ಕುರಿತು ನಾನು ಯೋಚಿಸತೊಡಗಿದ್ದು ಹೀಗೆ. ಯೋಚಿಸುತ್ತ ಹೋದಂತೆ ಒಬ್ಬ ಅಮೆರಿಕದವನ ಜೀವನ ನನ್ನನ್ನು ಹಿಡಿದು ನಿಲ್ಲಿಸಿತು. ಅವನ ಹೆಸರು ವಾಲಿ ಬೈಯಮ್. ವಿದ್ಯಾರ್ಥಿಗಳಿಗೆ ಈ ಹೆಸರನ್ನು ಮೊದಲು ಹೇಳಿದಾಗ ಅವರ ಮನಸ್ಸು ಕಿಷ್ಕಿಂಧೆಗೆ ಹಾರಿದ್ದು ಸಹಜವೇ. ಈ ವಾಲಿಗೆ ರಾಜ್ಯವಿರಲಿಲ್ಲ, ಗುಹೆಯಿರಲಿಲ್ಲ. ಒಂದೆಡೆ ನಿಲ್ಲುವ ಮನಸ್ಸೇ ಇರಲಿಲ್ಲ.

ವಾಲಿ ಬೈಯಮ್ ಹುಟ್ಟಿದ್ದು 1896ರ ಜುಲೈ 4ರಂದು, ಆರೆಗನ್ ಸಂಸ್ಥಾನದ ಬೇಕರ್ ಸಿಟಿಯಲ್ಲಿ. ಬಾಲ್ಯದಲ್ಲಿ ಕುರಿ ಕಾಯುವ ಕೆಲಸಕ್ಕೆ ಹೋದಾಗ ಅವನಿಗೆ ವಾಸಕ್ಕೆಂದು ದೊರೆತದ್ದು ಕತ್ತೆ ಎಳೆಯುವ ಒಂದು ಚಿಕ್ಕ ಬಂಡಿ. ಅದರಲ್ಲಿ ಸೀಮೆಎಣ್ಣೆಯ ಒಲೆ, ಒಂದು ನೀರಿನ ಬಕೀಟು, ಮಲಗುವ ಚೀಲ, ಇಷ್ಟೇ ಐಶ್ವರ್ಯ. ಮಂದೆ ಹೋದಲ್ಲಿಗೆ ಬಂಡಿ, ಬಂಡಿ ನಿಂತಲ್ಲಿ ಮನೆ. ನಮ್ಮ ಕುರುಬರ ಹುಡುಗನಿಗೆ ಕಂಬಳಿಯೊಂದೇ ಮನೆಯಾಗುವುದನ್ನು ಬಲ್ಲವರಿಗೆ ಇದು ಅಪರಿಚಿತ ಚಿತ್ರವೇನೂ ಅಲ್ಲ. ಮುಂದೆ ಲಕ್ಷಾಧಿಪತಿಯಾದರೂ ಬೈಯಮ್ ಆ ಬಂಡಿಯನ್ನು ಮರೆಯಲಿಲ್ಲವೆಂದು ತೋರುತ್ತದೆ. ಅವನು ಜೀವಮಾನವೆಲ್ಲ ಕಟ್ಟಿದ್ದು ಆ ಒಂದೇ ಬಂಡಿಯನ್ನು. ಪ್ರತಿಸಲವೂ ಕೊಂಚ ಹೆಚ್ಚು ಚೆನ್ನಾಗಿ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ, ಲಾಸ್ ಏಂಜಲೀಸ್ ನಗರಕ್ಕೆ ಬಂದು, ಜಾಹೀರಾತು ಬರೆಯುವುದನ್ನೂ ಪತ್ರಿಕೆ ನಡೆಸುವುದನ್ನೂ ವೃತ್ತಿಯಾಗಿ ಹಿಡಿದನು. ಬಿಡುವಿನಲ್ಲಿ ಬಯಲಿಗೆ ಹೋಗಿ ತಂಗುವುದು ಅವನ ಹವ್ಯಾಸ. ನೆಲದ ಮೇಲೆ ಮಲಗುವುದು ಹೆಂಡತಿಗೆ ಒಗ್ಗದು. ಆಗ ಹಳೆಯ ಫೋರ್ಡ್ ಮೋಟಾರಿನ ತಳಕಟ್ಟಿನ ಮೇಲೆ ಹಲಗೆ ಹೊದಿಸಿ ಡೇರೆಯೊಂದನ್ನು ಎಬ್ಬಿಸಿದನು. ಡೇರೆ ನಿಲ್ಲಿಸುವುದೇ ಒಂದು ಪ್ರಯಾಸವಾಯಿತು. ಮಳೆ ಬಂದರಂತೂ ಫಜೀತಿ. ಅದನ್ನು ಕಿತ್ತು, ಹನಿಯ ಆಕಾರದ ಪುಟ್ಟ ಕೋಣೆಯನ್ನು ಮಾಡಿ, ಒಳಗೆ ಒಲೆಯನ್ನೂ ಮಂಜುಗಡ್ಡೆಯ ಪೆಟ್ಟಿಗೆಯನ್ನೂ ಇಟ್ಟನು. ದಾರಿಯಲ್ಲಿ ಕಂಡವರು ನಿಲ್ಲಿಸಿ ವಿಚಾರಿಸತೊಡಗಿದರು. ಇದನ್ನು ಕಟ್ಟುವ ಬಗೆಯನ್ನು ಲೇಖನವಾಗಿ ಬರೆದನು, ನಕಾಶೆಯನ್ನು ಮಾರಿದನು, ಕಟ್ಟಲಾರದ ನೆರೆಹೊರೆಯವರಿಗೆ ತಾನೇ ಕಟ್ಟಿಕೊಟ್ಟನು. ಬರವಣಿಗೆಯಿಂದ ಬಡಗಿತನಕ್ಕೆ ಇಳಿದ ಈ ಮನುಷ್ಯ 1930ರ ದಶಕದ ಆರಂಭದಲ್ಲಿ, ದೇಶವೇ ದಿವಾಳಿಯ ಅಂಚಿನಲ್ಲಿದ್ದಾಗ, ಏರ್‌ಸ್ಟ್ರೀಮ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನೆಂಬುದು ಸೋಜಿಗ.

ಇಲ್ಲಿ ಇನ್ನೊಬ್ಬನ ಋಣವನ್ನು ಹೇಳದಿದ್ದರೆ ಅನ್ಯಾಯವಾದೀತು. 1927ರಲ್ಲಿ ಲಿಂಡ್‌ಬರ್ಗನು ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟಿದ ವಿಮಾನದ ನಿರ್ಮಾಣದಲ್ಲಿ ಮೇಲ್ವಿಚಾರಕನಾಗಿದ್ದ ಹಾಲಿ ಬೌಲಸ್ ಎಂಬಾತ, ವಿಮಾನದ ಮೈಕಟ್ಟನ್ನೇ ಅನುಸರಿಸಿ, ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ಟುಗಳಿಂದ ಬೆಸೆದು, 1934ರಲ್ಲಿ ಒಂದು ಸಂಚಾರಿ ಮನೆಯನ್ನು ರೂಪಿಸಿದ್ದನು. ಅವನ ಕೈಯಲ್ಲಿ ಕಲೆಯಿತ್ತು, ವ್ಯಾಪಾರವಿರಲಿಲ್ಲ, ಉದ್ಯಮ ಮುಳುಗಿತು. ಆ ವಿನ್ಯಾಸವನ್ನು ಬೈಯಮ್ ತೆಗೆದುಕೊಂಡು, ಮುಂಭಾಗದಲ್ಲಿದ್ದ ಬಾಗಿಲನ್ನು ಪಕ್ಕಕ್ಕೆ ಸರಿಸಿ, 1936ರಲ್ಲಿ ಕ್ಲಿಪ್ಪರ್ ಎಂಬ ಹೆಸರಿನಿಂದ ಹೊರತಂದನು. ಬೆಲೆ 1,200 ಡಾಲರು, ನಾಲ್ವರು ಮಲಗಬಹುದಾಗಿತ್ತು, ನೀರಿನ ತೊಟ್ಟಿಯಿತ್ತು, ವಿದ್ಯುದ್ದೀಪವಿತ್ತು. ಇಂದು ಜಗತ್ತು ಬೈಯಮನನ್ನು ನೆನೆಯುತ್ತದೆ, ಬೌಲಸನನ್ನು ಮರೆತಿದೆ. ಕೀರ್ತಿಯ ಕಥೆ ಎಲ್ಲ ದೇಶಗಳಲ್ಲಿಯೂ ಒಂದೇ.

ಆ ಬೆಳ್ಳಿಬಣ್ಣದ ಮೈಯ ಗುಟ್ಟು ಹಗುರತನ. 1947ರಲ್ಲಿ ಲೆಟುರ್ನರ್ ಎಂಬ ಫ್ರೆಂಚ್ ಸೈಕಲ್ ಪಟು ಇಂಥದೊಂದು ಮನೆಯನ್ನು ತನ್ನ ಸೈಕಲ್ಲಿಗೆ ಕಟ್ಟಿ ಎಳೆದ ಛಾಯಾಚಿತ್ರ ಜಗತ್ಪ್ರಸಿದ್ಧವಾಯಿತು. ಆದರೆ ದೂರದ ಹಾದಿಗೆ ಸೈಕಲ್ಲು ಸಾಲದಷ್ಟೇ. ಅದಕ್ಕೆ ಬೇಕಾದದ್ದು ಪಿಕಪ್ ಟ್ರಕ್ಕು: ಮುಂದೆ ಚಾಲಕನ ಕೋಣೆ, ಹಿಂದೆ ತೆರೆದ ತೊಟ್ಟಿ, ಕೆಳಗೆ ಗಟ್ಟಿಯಾದ ಉಕ್ಕಿನ ಚೌಕಟ್ಟು. ಎಳೆಯುವ ವಿದ್ಯೆಯನ್ನು ನಮ್ಮ ಬಂಡಿಕಾರನಿಗೆ ಯಾರೂ ಕಲಿಸಬೇಕಾಗಿಲ್ಲ. ಬಂಡಿಯಲ್ಲಿ ಹೇರು ಹಿಂದಕ್ಕೆ ಜಗ್ಗಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ನೊಗ ಹೆಗಲನ್ನು ಅರೆಯುತ್ತದೆ. ಇಲ್ಲಿಯೂ ಹಾಗೆಯೇ. ಎಳೆಯಲ್ಪಡುವ ಮನೆಯ ಒಟ್ಟು ತೂಕದಲ್ಲಿ ಶೇಕಡ 10ರಿಂದ 15ರಷ್ಟು ಟ್ರಕ್ಕಿನ ಕೊಕ್ಕೆಯ ಮೇಲೆ ಬೀಳಬೇಕು. ಕಡಿಮೆಯಾದರೆ ಹಿಂದಿನ ಮನೆ ಹಾವಿನ ಬಾಲದಂತೆ ತೂಗಾಡಿ ಮುಂದಿನ ವಾಹನವನ್ನೂ ಹಾದಿ ತಪ್ಪಿಸುತ್ತದೆ. ಹೆಚ್ಚಾದರೆ ಟ್ರಕ್ಕಿನ ಮುಂಗಾಲಿಗಳು ನೆಲದ ಹಿಡಿತವನ್ನು ಕಳೆದುಕೊಳ್ಳುತ್ತವೆ. ಏರುವುದಕ್ಕಿಂತ ಇಳಿಯುವುದು ಕಷ್ಟ. ಎಳೆಯುವ ಶಕ್ತಿಗಿಂತ ನಿಲ್ಲಿಸುವ ಶಕ್ತಿ ದೊಡ್ಡದು. ಆ ಕಾಲದ ಟ್ರಕ್ಕನ್ನೂ ಆ ಕಾಲದ ಮನೆಯನ್ನೂ ದುರಸ್ತಿ ಮಾಡಿ ಜೋಡಿಸಿ ಹೊರಡುವ ಹವ್ಯಾಸಿಗಳು ಇಂದಿಗೂ ಅಮೆರಿಕದಲ್ಲಿದ್ದಾರೆ. ಅವರು ಮೊದಲು ಪರೀಕ್ಷಿಸಬೇಕಾದದ್ದು ಎಂಜಿನ್ನನ್ನಲ್ಲ, ಬ್ರೇಕನ್ನು.

ಎರಡನೆಯ ಮಹಾಯುದ್ಧದಲ್ಲಿ ಅಲ್ಯೂಮಿನಿಯಂ ಎಲ್ಲ ವಿಮಾನಗಳ ಪಾಲಾಯಿತು. ಬೈಯಮ್ ಕಾರ್ಖಾನೆಯನ್ನು ಮುಚ್ಚಿ, ವಿಮಾನದ ಕಾರ್ಖಾನೆಗಳಲ್ಲಿ ದುಡಿದನು. ಯುದ್ಧಾನಂತರ ಉದ್ಯಮ ಮತ್ತೆ ಚಿಗುರಿತು. ಮಾರಿ ಕೈತೊಳೆದುಕೊಳ್ಳುವವನಲ್ಲ ಅವನು; ಕೊಂಡವರನ್ನು ಕೂಡಿಸಿಕೊಂಡು ತಾನೇ ಮುಂದಾಗಿ ಹೊರಟನು. 1951ರಲ್ಲಿ 63 ಮನೆಗಳ ಸಾಲು ಟೆಕ್ಸಾಸಿನ ಎಲ್ ಪಾಸೊದಿಂದ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಗೆ ಸಾಗಿತು. ರಸ್ತೆಗಳಿರಲಿಲ್ಲ, ಅಚ್ಚುಗಳು ಮುರಿದವು, ಮನಸ್ಸುಗಳೂ ಮುರಿದವು. ಕೊನೆಯವರೆಗೆ ಉಳಿದವು 14 ಮಾತ್ರ. ಬೇರೊಬ್ಬನಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದನು. ಬೈಯಮ್ ಮಾತ್ರ ಆ ಸೋಲಿನಿಂದ ಗುಂಪನ್ನು ನಡೆಸುವ ಶಿಸ್ತನ್ನು ಕಲಿತನು. 1955ರಲ್ಲಿ ಅವನ ಹೆಸರಿನಲ್ಲಿ ಸಂಚಾರಿಗಳ ಸಂಘವೂ ಹುಟ್ಟಿತು.

ಅವನ ಬಾಳಿನ ಶಿಖರವೆಂದರೆ 1959ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಿಂದ ಹೊರಟು 1960ರಲ್ಲಿ ಈಜಿಪ್ಟಿನ ಕೈರೊ ಮುಟ್ಟಿದ ಯಾತ್ರೆ. 41 ಮನೆಗಳು, ಅವುಗಳನ್ನು ಎಳೆದವುಗಳಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಪಿಕಪ್ ಟ್ರಕ್ಕುಗಳದು ದೊಡ್ಡ ಪಾಲು. ಕೆಸರಿನಲ್ಲಿ ಹೂತ ಗಾಲಿಗಳನ್ನು ಎತ್ತಿ, ಒಡೆದ ಚೌಕಟ್ಟುಗಳನ್ನು ಬೆಸೆದು, ಹಾದಿಯಿಲ್ಲದ ಕಡೆ ಕಲ್ಲು ಹಾಸಿ ಸಾಗಿದರು. ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ ಈ ವಿಚಿತ್ರ ಅತಿಥಿಗಳನ್ನು ಕಂಡನು. ಕೊನೆಗೆ ಪಿರಮಿಡ್ಡುಗಳ ನೆರಳಿನಲ್ಲಿ ಆ ಬೆಳ್ಳಿಯ ಮನೆಗಳು ಸಾಲಾಗಿ ನಿಂತವು. ಸಾವಿರಾರು ವರ್ಷಗಳಿಂದ ಅಲುಗದ ಮನೆಯ ಮುಂದೆ, ಒಂದು ರಾತ್ರಿಗಿಂತ ಹೆಚ್ಚು ನಿಲ್ಲಲಾರದ ಮನೆ! ಆ ಚಿತ್ರವನ್ನು ನೋಡುವಾಗಲೆಲ್ಲ ಮೆಚ್ಚುಗೆಯ ಜೊತೆಗೆ ನನಗೊಂದು ಸಂಕೋಚವೂ ಆಗುತ್ತದೆ. ಅವರು ಹೊರಟ ನಾಡಿನಲ್ಲಿ ಆಗ ಕರಿಯ ಜನ ಪರವಾನೆಯ ಕಾಗದವಿಲ್ಲದೆ ತಮ್ಮ ನೆಲದಲ್ಲಿಯೇ ಓಡಾಡುವಂತಿರಲಿಲ್ಲ. ಸಂಚಾರದ ಸ್ವಾತಂತ್ರ್ಯವೂ ಜಗತ್ತಿನಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ.

1962ರ ಜುಲೈ 22ರಂದು, ಅರವತ್ತಾರು ತುಂಬಿದ ಕೆಲವೇ ದಿನಗಳಲ್ಲಿ, ಬೈಯಮ್ ಕ್ಯಾನ್ಸರಿನಿಂದ ತೀರಿಕೊಂಡನು. ಅವನು ಕಂಡಿದ್ದ ವಿಶ್ವಯಾತ್ರೆಯ ಕನಸನ್ನು ಸಂಗಡಿಗರು 1963-64ರಲ್ಲಿ ಪೂರೈಸಿದರು. ಸಿಂಗಪುರದಿಂದ ಹೊರಟ ಆ ಸಾಲು ನಮ್ಮ ಭಾರತವನ್ನೂ ಹಾದು ಯೂರೋಪನ್ನು ಸೇರಿತು. 1969ರಲ್ಲಿ ಚಂದ್ರನಿಂದ ಮರಳಿದ ಮೂವರನ್ನು ರೋಗಾಣುಗಳ ಭಯದಿಂದ ಪ್ರತ್ಯೇಕವಾಗಿರಿಸಿದ್ದು ಕೂಡ ಏರ್‌ಸ್ಟ್ರೀಮಿನ ಒಂದು ಮನೆಯನ್ನು ಮಾರ್ಪಡಿಸಿದ ಕೋಣೆಯಲ್ಲಿಯೇ. ಕುರಿ ಕಾಯುವ ಹುಡುಗನ ಬಂಡಿ ಚಂದ್ರಯಾತ್ರಿಕರ ಬಿಡಾರವಾಯಿತು.

ಇಂಥ ಸಾಲನ್ನು ಅವರ ಭಾಷೆಯಲ್ಲಿ ಕ್ಯಾರವಾನ್ ಎನ್ನುತ್ತಾರೆ. ಆ ಮಾತು ಅವರದಲ್ಲ, ಪಾರಸಿಯದು. ಬೀದರಿಗೆ ಅದು ಬಹಳ ಹಳೆಯ ನೆಂಟ. 1453ರಲ್ಲಿ ಗೀಲಾನಿನಿಂದ ವರ್ತಕನಾಗಿ ಬಂದ ಮಹಮೂದ್ ಗವಾನನು ಇಲ್ಲಿ ಮಂತ್ರಿಯಾಗಿ, 1472ರಲ್ಲಿ ಪೂರ್ತಿಯಾದ ಮದರಸಾವನ್ನು ಬಿಟ್ಟುಹೋಗಿದ್ದಾನೆ. ದಾರಿಹೋಕನೊಬ್ಬ ನಿಂತು, ನಮ್ಮ ಊರಿಗೆ ಪುಸ್ತಕ ಭಂಡಾರವನ್ನು ಕೊಟ್ಟನು. ಹಾಗೆಯೇ ತಾಂಡಾ ಎಂಬ ಮಾತು. ಇಂದು ಅದು ಲಂಬಾಣಿಗರ ಊರಿನ ಹೆಸರು. ಒಂದು ಕಾಲಕ್ಕೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ನಡೆಯುವ ಸಾವಿರಾರು ಎತ್ತುಗಳ ಸಾಲಿಗೇ ಆ ಹೆಸರಿತ್ತು. ರೈಲೂ ರಸ್ತೆಯೂ ಬಂದು ಆ ವ್ಯಾಪಾರವನ್ನು ಕಸಿದುಕೊಂಡ ಮೇಲೆ ನಡೆಯುವ ತಾಂಡಾ ನಿಂತ ತಾಂಡಾ ಆಯಿತು. ನಿಂತ ಮೇಲೂ ನಡಿಗೆ ತಪ್ಪಲಿಲ್ಲ.

ಬೈಯಮನ ಕಥೆಯನ್ನು ನಾನು ತರಗತಿಯಲ್ಲಿ ಹೇಳಿ ಮುಗಿಸಿದ ದಿನ, ಔರಾದ್ ಕಡೆಯ ತಾಂಡಾದ ಹುಡುಗನೊಬ್ಬ ಎದ್ದು ನಿಂತು, ಆ ಬೆಳ್ಳಿಯ ಮನೆಗಳವರ ಮಕ್ಕಳು ಯಾವ ಶಾಲೆಗೆ ಹೋಗುತ್ತಿದ್ದರೆಂದು ಕೇಳಿದನು. ಹೆಚ್ಚಿನವರು ದುಡಿಮೆಯಿಂದ ನಿವೃತ್ತರಾದ ವೃದ್ಧರು ಎಂದು ಉತ್ತರಿಸಿದೆ. ಅವನು ತಲೆಯಾಡಿಸಿ ಕುಳಿತನು. ಮರುವಾರ ಅವನ ಬೆಂಚು ಬರಿದಾಗಿತ್ತು. ಆಗ ನನಗೆ ಅವನ ಪ್ರಶ್ನೆಯ ಅರ್ಥವಾಯಿತು.

ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹಾಕುವುದು ನನ್ನ ಕರ್ತವ್ಯ, ಹಾಕಿದೆ. ಆದರೆ ಆ ವರ್ಷ ಅವನಿಗಾಗಿ ಟಿಪ್ಪಣಿಗಳನ್ನು ಬರೆದು, ಕಬ್ಬಿನ ಟ್ರ್ಯಾಕ್ಟರಿನ ಚಾಲಕನೊಬ್ಬನ ಕೈಯಲ್ಲಿ ಕಳುಹಿಸತೊಡಗಿದೆ. ಯುಗಾದಿಯ ಮುನ್ನ ಅವನು ಮರಳಿದನು; ಅಂಗೈ ಒರಟಾಗಿತ್ತು, ಟಿಪ್ಪಣಿಯ ಹಾಳೆಗಳಿಗೆ ಕಬ್ಬಿನ ಹಾಲು ಮೆತ್ತಿತ್ತು. ಪರೀಕ್ಷೆಗೆ ಕೂಡಲು ಹಾಜರಿ ಸಾಲದಾಯಿತು. ಮರುವರ್ಷ ಕುಳಿತು ತೇರ್ಗಡೆಯಾದನು. ಬೈಯಮ್ ಮನೆಯನ್ನು ಎಳೆದುಕೊಂಡು ಹೋದದ್ದು ಲೋಕವನ್ನು ಕಾಣುವುದಕ್ಕೆ. ಈ ಹುಡುಗ ಹೋದದ್ದು ಮನೆಯನ್ನು ಉಳಿಸುವುದಕ್ಕೆ. ಮೊದಲನೆಯದನ್ನು ಸಾಹಸವೆಂದು ಬರೆಯುವ ನಾವು ಎರಡನೆಯದಕ್ಕೆ ಇನ್ನೂ ತಕ್ಕ ಹೆಸರನ್ನು ಕಂಡುಕೊಂಡಿಲ್ಲ.