ನಾಡನ್ನು ಸುತ್ತಿ ಬರೆದ ಬುಕಾನನ್

ಕ್ರಿ.ಶ. 1800ರ ಜುಲೈ ತಿಂಗಳು. ಮುಂಗಾರಿನ ಮಳೆಗೆ ಕೋಲಾರದ ಸೀಮೆಯ ಕೆಮ್ಮಣ್ಣಿನ ಹೊಲಗಳು ಹದಗೊಂಡಿದ್ದವು. ಕೋಲಾರದಿಂದ ಹೊರಟ ಒಂದು ಪುಟ್ಟ ತಂಡವು ಶಿಡ್ಲಘಟ್ಟದ ಮಾರ್ಗವಾಗಿ ಚಿಕ್ಕಬಳ್ಳಾಪುರದ ಕಡೆಗೆ ಸಾಗುತ್ತಿತ್ತು. ಅದರ ನಾಯಕನು ದಂಡಿನ ಅಧಿಕಾರಿಯಲ್ಲ, ಕಂದಾಯ ವಸೂಲಿಗೆ ಬಂದವನೂ ಅಲ್ಲ. ಅವನು ಒಬ್ಬ ವೈದ್ಯ. ಊರು ಕಂಡಲ್ಲಿ ನಿಲ್ಲುತ್ತಿದ್ದನು. ರೈತರನ್ನು ಕರೆಸಿ ಬಿತ್ತನೆ ಎಷ್ಟು, ಬೆಳೆ ಎಷ್ಟು, ತೆರಿಗೆ ಎಷ್ಟು ಎಂದು ಕೇಳುತ್ತಿದ್ದನು. ಕೇಳಿದ್ದನ್ನೆಲ್ಲ ಅಂದಂದಿನ ದಿನಚರಿಯಲ್ಲಿ ಬರೆದಿಡುತ್ತಿದ್ದನು. ಅವನೇ ಫ್ರಾನ್ಸಿಸ್ ಬುಕಾನನ್.

ಬುಕಾನನ್ 1762ರ ಫೆಬ್ರವರಿ 15ರಂದು ಸ್ಕಾಟ್ಲೆಂಡಿನ ಕ್ಯಾಲಂಡರ್ ಎಂಬಲ್ಲಿ ಜನಿಸಿದನು. ಬೆಟ್ಟ, ಕಣಿವೆ, ಸರೋವರಗಳ ನಾಡು ಅದು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ, ಚಳಿಜ್ವರದ ಬಗೆಗೆ ಪ್ರಬಂಧ ಬರೆದು, 1783ರಲ್ಲಿ ಪದವಿಯನ್ನು ಪಡೆದನು. ಆ ಕಾಲದಲ್ಲಿ ಔಷಧಗಳಲ್ಲಿ ಹೆಚ್ಚಿನವು ಗಿಡಮೂಲಿಕೆಗಳಿಂದಲೇ ಸಿದ್ಧವಾಗುತ್ತಿದ್ದುದರಿಂದ ವೈದ್ಯನಾಗುವವನು ಸಸ್ಯಶಾಸ್ತ್ರವನ್ನೂ ಕಲಿಯಬೇಕಾಗಿತ್ತು. ಜಾನ್ ಹೋಪ್ ಎಂಬ ವಿದ್ವಾಂಸನ ಉಪನ್ಯಾಸಗಳನ್ನು ಕೇಳಿದ ಮೇಲೆ ಬುಕಾನನ್ನನಿಗೆ ಔಷಧಕ್ಕಿಂತ ಗಿಡಗಳ ಮೇಲೆಯೇ ಹೆಚ್ಚು ಮೋಹವುಂಟಾಯಿತು. ಆ ಉಪನ್ಯಾಸಗಳ ಟಿಪ್ಪಣಿಯನ್ನು ಅವನು ಜೋಪಾನವಾಗಿ ಕಾಪಾಡಿಕೊಂಡಿದ್ದನು.

ಆ ಟಿಪ್ಪಣಿ ಪುಸ್ತಕದ ಕಥೆ ವಿಚಿತ್ರವಾದುದು. ವ್ಯಾಸಂಗವು ಮುಗಿದ ಮೇಲೆ ಬುಕಾನನ್ ಹಡಗಿನ ವೈದ್ಯನಾಗಿ ಏಷ್ಯದ ಕಡಲುಗಳಲ್ಲಿ ಸಂಚರಿಸಿದನು. 1785ರಲ್ಲಿ ಜೊತೆಯ ಪ್ರಯಾಣಿಕನೊಬ್ಬನು ಪುಸ್ತಕವನ್ನು ಓದಲು ಎರವಲು ಪಡೆದನು. ಮುಂದೆ ಸತ್ಯಮಂಗಲದಲ್ಲಿ ಅದನ್ನು ಕಳೆದುಕೊಂಡನು. ಅದು ಹೇಗೋ ಟಿಪ್ಪು ಸುಲ್ತಾನನ ಕೈಸೇರಿತು. ಗಿಡಮರಗಳಲ್ಲಿ ಆಸಕ್ತನಾಗಿದ್ದ ಸುಲ್ತಾನನು ಅದಕ್ಕೆ ಹೊಸ ರಟ್ಟು ಕಟ್ಟಿಸಿ ತನ್ನ ಗ್ರಂಥಭಂಡಾರದಲ್ಲಿ ಇರಿಸಿಕೊಂಡನು. 1799ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಯಿತು. ಮರುವರ್ಷ ಸುಲ್ತಾನನ ಪುಸ್ತಕಗಳ ನಡುವೆ ಮೇಜರನೊಬ್ಬನಿಗೆ ಅದು ಸಿಕ್ಕಿ, ಹದಿನೈದು ವರ್ಷಗಳ ಅನಂತರ ಒಡೆಯನನ್ನು ಮತ್ತೆ ಸೇರಿತು.

1794ರಲ್ಲಿ ಬುಕಾನನ್ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ವೈದ್ಯಕೀಯ ಸೇವೆಯನ್ನು ಸೇರಿದನು. ಮರುವರ್ಷವೇ ಬರ್ಮಾ ದೇಶದ ಆವಾ ಆಸ್ಥಾನಕ್ಕೆ ಹೊರಟ ರಾಯಭಾರಿಯ ಸಂಗಡ ವೈದ್ಯನಾಗಿ ಹೋಗಿ ಅಲ್ಲಿನ ಸಸ್ಯಗಳನ್ನು ಸಂಗ್ರಹಿಸಿದನು. 1798ರಲ್ಲಿ ಸಂಬಾರ ಪದಾರ್ಥಗಳನ್ನು ಬೆಳೆಯಲು ಯೋಗ್ಯವಾದ ನೆಲವನ್ನು ಹುಡುಕುವುದಕ್ಕಾಗಿ ಅವನನ್ನು ಚಿತ್ತಗಾಂಗಿನ ಬೆಟ್ಟಸೀಮೆಗೆ ಕಳುಹಿಸಲಾಯಿತು. ಕಂಪೆನಿಯ ಕೊನೆಯ ಠಾಣ್ಯವನ್ನು ದಾಟಿದರೆ ಮುಂದೆ ಬಂಡಿಯ ದಾರಿ ಇರಲಿಲ್ಲ. ನಕ್ಷೆಯಂತೂ ಮೊದಲೇ ಇರಲಿಲ್ಲ. ಇಂದು ಅಲಾಸ್ಕದಂತಹ ನಾಡುಗಳಲ್ಲಿ ರಸ್ತೆಗಳೇ ತಲುಪದ ಎಡೆಗಳಿಗೆ ಚಾರಣಿಗರು ಚಿಕ್ಕ ವಿಮಾನಗಳಲ್ಲಿ ಹೋಗಿ, ಕಾಡಿನ ನಡುವಣ ಬಯಲಿನಲ್ಲಿ ಇಳಿದು, ಬೆನ್ನಿಗೆ ಹೊರೆಯನ್ನು ಕಟ್ಟಿಕೊಂಡು ಅಡವಿಯನ್ನು ಹೊಗುತ್ತಾರೆ. ವಿಮಾನವು ಹಾರಿಹೋದ ಮೇಲೆ ಅವರಿಗೆ ತಮ್ಮ ಕಾಲುಗಳೇ ಗತಿ. ಬುಕಾನನ್ನನ ಕಾಲದಲ್ಲಿ ಅಂತಹ ಬಯಲಿನ ಸ್ಥಾನದಲ್ಲಿ ಹಡಗು ನಿಲ್ಲುವ ರೇವು ಅಥವಾ ಗಡಿಯ ಠಾಣ್ಯವಿತ್ತು. ವ್ಯತ್ಯಾಸವೆಂದರೆ, ಮರಳಿ ಕರೆದೊಯ್ಯಲು ಗೊತ್ತಾದ ದಿನ ಬರುವವರು ಯಾರೂ ಇರಲಿಲ್ಲ.

ಟಿಪ್ಪುವಿನ ಪತನದ ಅನಂತರ ಮೈಸೂರಿನ ಸಿಂಹಾಸನದಲ್ಲಿ ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕುಳ್ಳಿರಿಸಲಾಗಿತ್ತು. ಪೂರ್ಣಯ್ಯನು ದಿವಾನನಾಗಿ ಆಡಳಿತವನ್ನು ನಡೆಸುತ್ತಿದ್ದನು. ತಾವು ಗೆದ್ದ ನಾಡು ಎಂತಹುದು ಎಂಬುದು ಇಂಗ್ಲಿಷರಿಗೆ ಸರಿಯಾಗಿ ತಿಳಿದಿರಲಿಲ್ಲ. ಗವರ್ನರ್ ಜನರಲ್ ವೆಲ್ಲೆಸ್ಲಿಯು 1800ರ ಫೆಬ್ರವರಿಯಲ್ಲಿ ಬುಕಾನನ್ನನಿಗೆ ಒಂದು ಆಜ್ಞೆಯನ್ನು ಹೊರಡಿಸಿದನು. ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳ ಇವುಗಳನ್ನು ಸುತ್ತಿ, ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿನ ಬೇಸಾಯವನ್ನು, ಆಮೇಲೆ ಹತ್ತಿ, ಮೆಣಸು, ಗಂಧ, ಏಲಕ್ಕಿಗಳನ್ನು, ಗಣಿ, ಕೈಗಾರಿಕೆ, ಹವೆ ಮತ್ತು ಜನಜೀವನಗಳನ್ನು ಕುರಿತು ವರದಿ ಮಾಡಬೇಕೆಂಬುದೇ ಆ ಆಜ್ಞೆ. ಕಂಪೆನಿಯ ಉದ್ದೇಶವು ಲಾಭವೇ ಎಂಬುದನ್ನು ಮರೆಯಲಾಗದು. ಯಾವ ನೆಲದಿಂದ ಏನು ದೊರೆಯುವುದೆಂದು ತಿಳಿದರೆ ತಾನೆ ವ್ಯಾಪಾರವೂ ಕಂದಾಯವೂ ಬೆಳೆಯುವುದು! ಆದರೆ ಕಳುಹಿಸಿದವರು ಬಯಸಿದ್ದಕ್ಕಿಂತ ಬಹಳ ಹೆಚ್ಚನ್ನು ಬುಕಾನನ್ ಕಂಡನು.

1800ರ ಏಪ್ರಿಲ್ 23ರಂದು ಅವನು ಮದರಾಸನ್ನು ಬಿಟ್ಟನು. ಘಟ್ಟವನ್ನೇರಿ ಬೆಂಗಳೂರಿಗೆ ಬಂದು, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಪೂರ್ಣಯ್ಯನನ್ನು ಕಂಡನು. ಬೆಂಗಳೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಬೆಳೆಸಿದ್ದ ತೋಟಗಳನ್ನೂ ನೋಡಿದನು. ಬಳಿಕ ರಾಜ್ಯದ ಪೂರ್ವ ಮತ್ತು ಉತ್ತರ ಭಾಗಗಳ ಸುತ್ತಾಟ ಆರಂಭವಾಯಿತು. ಡೇರೆ, ಸಾಮಾನುಗಳನ್ನು ಹೊತ್ತ ಎತ್ತುಗಳು, ಆಳುಗಳು, ಒಬ್ಬ ದುಭಾಷಿ ಇವಿಷ್ಟು ಅವನ ಪರಿವಾರ. ಒಂದು ದಿನಕ್ಕೆ ಒಂದು ಹರದಾರಿಯೋ ನಾಲ್ಕು ಹರದಾರಿಯೋ, ನೆಲದಲ್ಲಿ ನೋಡುವುದು ಎಷ್ಟಿದೆಯೋ ಅದರಂತೆ ಅವನ ಪಯಣ.

ಶಿಡ್ಲಘಟ್ಟ ಮತ್ತು ಚಿಕ್ಕಬಳ್ಳಾಪುರಗಳ ಸೀಮೆಯು ಆಗ ಇಂದಿನಂತೆ ಇರಲಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಾಗಲಿ ಚಿಕ್ಕಬಳ್ಳಾಪುರದ ದ್ರಾಕ್ಷಿತೋಟಗಳಾಗಲಿ ಅಂದು ಹೆಸರು ಪಡೆದಿರಲಿಲ್ಲ. ನಂದಿದುರ್ಗವನ್ನು ಇಂಗ್ಲಿಷರ ಸೈನ್ಯವು 1791ರ ಅಕ್ಟೋಬರಿನಲ್ಲಿ ರಾತ್ರಿಯ ವೇಳೆ ಲಗ್ಗೆಯಿಟ್ಟು ಹಿಡಿದು ಇನ್ನೂ ಒಂಬತ್ತು ವರ್ಷಗಳೂ ತುಂಬಿರಲಿಲ್ಲ. ಪಾಳೆಯಗಾರರ ಕಲಹ, ಮರಾಠರ ದಾಳಿ, ಕಂಪೆನಿಯ ಯುದ್ಧಗಳು ಒಂದರ ಮೇಲೊಂದು ಎರಗಿ ಹಳ್ಳಿಗಳನ್ನು ಬರಿದುಮಾಡಿದ್ದವು. ಊರಿನ ಸುತ್ತ ಮಣ್ಣಿನ ಕೋಟೆ, ಅದರಾಚೆ ಮುಳ್ಳಿನ ಬೇಲಿ ಕಾಣುತ್ತಿದ್ದವು. ಒಕ್ಕಲಿಗನು ಉಳುವುದರ ಜೊತೆಗೆ ಕಾಯುವುದನ್ನೂ ಕಲಿಯಬೇಕಾಗಿದ್ದ ದಿನಗಳವು. ಹಿಂದೆ ಸಾಗುವಳಿಯಾಗಿ ಆಮೇಲೆ ಪಾಳುಬಿದ್ದ ಹೊಲಗಳನ್ನು ಬುಕಾನನ್ ದಾರಿಯುದ್ದಕ್ಕೂ ಗುರುತಿಸಿಕೊಂಡನು.

ಈ ನಾಡಿನಲ್ಲಿ ತುಂಬಿ ಹರಿಯುವ ಹೊಳೆಗಳಿಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರಿನ ಕಡೆಗೆ ಹರಿದುಹೋದರೆ ದಕ್ಷಿಣ ಪಿನಾಕಿನಿಯು ಮತ್ತೊಂದು ದಿಕ್ಕನ್ನು ಹಿಡಿಯುತ್ತದೆ. ಮಳೆಗಾಲ ಕಳೆದರೆ ಎರಡೂ ಮರಳಿನ ಹಾಸುಗಳೇ. ಆದುದರಿಂದ ಹಿಂದಿನವರು ತಗ್ಗಿಗೊಂದರಂತೆ ಏರಿಯನ್ನು ಕಟ್ಟಿ, ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಬೀಳುವಂತೆ ಮಾಡಿ, ಸರಮಾಲೆಯಂತೆ ಕೆರೆಗಳನ್ನು ನಿರ್ಮಿಸಿದ್ದರು. ಶಿಡ್ಲಘಟ್ಟದಲ್ಲಿಯೂ ಚಿಂತಾಮಣಿಯಲ್ಲಿಯೂ ಬದುಕು ನಿಂತಿದ್ದುದು ಈ ಕೆರೆಗಳ ಮೇಲೆ. ಕೆರೆ ತುಂಬಿದರೆ ಭತ್ತ, ಕಬ್ಬು. ತುಂಬದಿದ್ದರೆ ರಾಗಿಯೇ ದಿಕ್ಕು.

ರಾಗಿಯ ವಿಷಯದಲ್ಲಿ ಬುಕಾನನ್ ತೋರಿದ ಶ್ರದ್ಧೆ ಅಸಾಧಾರಣವಾದುದು. ಅದುವರೆಗೆ ಯೂರೋಪಿನ ಪ್ರವಾಸಿಗರು ಅರಮನೆ, ಕೋಟೆ, ದೇವಾಲಯಗಳನ್ನು ವರ್ಣಿಸಿದ್ದರೇ ಹೊರತು ಬಡವನ ಮುದ್ದೆಯ ಹಿಟ್ಟು ಎಲ್ಲಿಂದ ಬರುತ್ತದೆಂದು ಕೇಳಿದವರು ವಿರಳ. ಇವನು ಹೊಲವನ್ನು ಎಷ್ಟು ಸಲ ಉಳುತ್ತಾರೆ, ಕೂರಿಗೆಯಿಂದ ಹೇಗೆ ಬಿತ್ತುತ್ತಾರೆ, ಕುಂಟೆಯನ್ನು ಯಾವಾಗ ಹೊಡೆಯುತ್ತಾರೆ, ರಾಗಿಯ ನಡುವೆ ಅವರೆ ತೊಗರಿಗಳ ಸಾಲನ್ನು ಏಕೆ ಬಿಡುತ್ತಾರೆ, ಧಾನ್ಯವನ್ನು ಹಗೇವಿನಲ್ಲಿ ಹೇಗೆ ಕೆಡದಂತೆ ಇಡುತ್ತಾರೆ ಎಂಬುದನ್ನೆಲ್ಲ ವಿಚಾರಿಸಿದನು. ಬೇಸಾಯದ ಉಪಕರಣಗಳ ಚಿತ್ರಗಳು ಅವನ ಗ್ರಂಥದಲ್ಲಿ ಸೇರಿದವು. ಒಬ್ಬ ರೈತನ ಮಾತನ್ನು ಅವನು ಹಾಗೆಯೇ ನಂಬುತ್ತಿರಲಿಲ್ಲ. ಮತ್ತೊಬ್ಬನನ್ನು ಕೇಳಿ ತಾಳೆನೋಡುತ್ತಿದ್ದನು. ತೆರಿಗೆ ಹೆಚ್ಚಾದೀತೆಂಬ ಅಂಜಿಕೆಯಿಂದ ಜನರು ಬೆಳೆಯನ್ನು ಕಡಮೆಮಾಡಿ ಹೇಳುವುದು ಅವನಿಗೆ ತಿಳಿದಿತ್ತು. ಆ ಅಂಜಿಕೆಗೆ ಕಾರಣವಿಲ್ಲದೆ ಇರಲಿಲ್ಲವೆಂಬುದನ್ನು ಅವನು ಇನ್ನಷ್ಟು ಸಹಾನುಭೂತಿಯಿಂದ ಕಾಣಬಹುದಾಗಿತ್ತು.

ಚಿಕ್ಕಬಳ್ಳಾಪುರದಲ್ಲಿ ಅವನ ಗಮನವನ್ನು ಸೆಳೆದುದು ಸಕ್ಕರೆ. ಇಲ್ಲಿನ ಕಲ್ಲುಸಕ್ಕರೆಯು ಚೀನಾ ದೇಶದ ಸಕ್ಕರೆಗೆ ಸಾಟಿಯಾಗಿತ್ತು. ಅದನ್ನು ತಯಾರಿಸುವ ವಿದ್ಯೆಯನ್ನು ಬಲ್ಲವರು ಗುಟ್ಟಾಗಿ ಕಾಪಾಡಿಕೊಂಡಿದ್ದರಿಂದ ಬೆಲೆ ಅಧಿಕವಾಗಿತ್ತು. ಊರುಗಳ ಹೆಸರನ್ನು ಅವನು ಕಿವಿಗೆ ಕೇಳಿಸಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದ್ದಾನೆ. ಶಿಡ್ಲಘಟ್ಟವು ಅವನ ಬರಹದಲ್ಲಿ ‘ಸಿಲಗುಟ್ಟ’ವಾಗಿರುವುದನ್ನು ಕಂಡರೆ ಇಂದಿನವರಿಗೆ ನಗೆ ಬರಬಹುದು. ಅಲ್ಲಿಂದ ಅವನು ದೊಡ್ಡಬಳ್ಳಾಪುರಕ್ಕೂ ಮುಂದೆ ಮಧುಗಿರಿ, ಸಿರಾಗಳಿಗೂ ಹೋದನು.

ಬುಕಾನನ್ನನ ಬರಹದಲ್ಲಿ ದೋಷಗಳಿಲ್ಲವೆಂದಲ್ಲ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ದುಭಾಷಿಯು ಹೇಳಿದಷ್ಟೇ ಅವನಿಗೆ ದಕ್ಕಿತು. ಈ ದೇಶದ ಆಚಾರಗಳನ್ನು ಕುರಿತು ಆತುರದ ತೀರ್ಪುಗಳನ್ನು ಅವನು ಕೊಟ್ಟಿದ್ದಾನೆ. ರೈತರ ಪದ್ಧತಿಗಳನ್ನು ಸ್ಕಾಟ್ಲೆಂಡಿನ ಬೇಸಾಯದ ಅಳತೆಗೋಲಿನಿಂದ ಅಳೆದು ಹೀನವೆಂದು ಎಣಿಸಿದ್ದೂ ಉಂಟು. ಆದರೂ ಮೆಚ್ಚದುದನ್ನು ಸಹ ವಿವರವಾಗಿ ಬರೆದಿಟ್ಟನಾದ ಕಾರಣ, ಅವನ ತೀರ್ಪನ್ನು ಒಪ್ಪದವನಿಗೂ ಅವನು ಕೊಟ್ಟ ಸಂಗತಿಗಳು ಉಪಯುಕ್ತವಾಗಿವೆ.

ಮುಂದಿನ ತಿಂಗಳುಗಳಲ್ಲಿ ಅವನು ಕಾವೇರಿಯನ್ನು ದಾಟಿ, ಕೊಯಮತ್ತೂರು, ಪಾಲಕ್ಕಾಡುಗಳ ಮೂಲಕ ಮಲೆಯಾಳಕ್ಕೆ ಇಳಿದನು. ಅಂಗಾಡಿಪುರಂ ಎಂಬಲ್ಲಿ ನೆಲದಿಂದ ಮೆತ್ತಗೆ ಕೊಯ್ದು ತೆಗೆದ ಕಲ್ಲು ಗಾಳಿಗೆ ಒಡ್ಡಿದೊಡನೆ ಗಟ್ಟಿಯಾಗುವುದನ್ನು ಕಂಡನು. ಇಟ್ಟಿಗೆಯಂತೆ ಬಳಕೆಯಾಗುವ ಈ ಜಂಬಿಟ್ಟಿಗೆಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವನು ಅವನೇ. ಲೋಕದ ಭೂವಿಜ್ಞಾನಿಗಳೆಲ್ಲರೂ ಆ ಹೆಸರನ್ನೇ ಬಳಸುತ್ತಾರೆ. ಆಮೇಲೆ ಮಂಗಳೂರು, ಗೋಕರ್ಣ, ಬನವಾಸಿ, ಇಕ್ಕೇರಿ, ಚಿತ್ರದುರ್ಗಗಳನ್ನು ನೋಡಿ, 1801ರ ಜುಲೈನಲ್ಲಿ ಮದರಾಸನ್ನು ಸೇರಿದನು. ಹದಿನಾಲ್ಕು ತಿಂಗಳುಗಳಿಗೂ ಮೀರಿದ ಈ ಪ್ರಯಾಣದ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಅನಂತರ ಅವನು ನೇಪಾಳಕ್ಕೆ ಹೋದ ದೂತತಂಡದಲ್ಲಿದ್ದನು. ಅಲ್ಲಿ ಕಣಿವೆಯಿಂದಾಚೆ ಸಂಚರಿಸಲು ಸ್ವಾತಂತ್ರ್ಯವಿಲ್ಲದಿದ್ದರೂ ಸಸ್ಯಗಳ ದೊಡ್ಡ ಸಂಗ್ರಹವನ್ನು ಮಾಡಿದನು. ಕಲ್ಕತ್ತೆಯ ಬಳಿಯ ಬಾರಕ್‌ಪುರದಲ್ಲಿ ವೆಲ್ಲೆಸ್ಲಿಯು ಸ್ಥಾಪಿಸಿದ ಪ್ರಾಣಿಸಂಗ್ರಹದ ಮೇಲ್ವಿಚಾರಣೆಯನ್ನು ಕೆಲಕಾಲ ನೋಡಿಕೊಂಡನು. 1807ರಿಂದ 1814ರವರೆಗೆ ಬಂಗಾಳ ಮತ್ತು ಬಿಹಾರಗಳ ಜಿಲ್ಲೆಗಳನ್ನು ಒಂದೊಂದಾಗಿ ಸುತ್ತಿ ಮೈಸೂರಿನಲ್ಲಿ ಮಾಡಿದ ಕೆಲಸವನ್ನೇ ಇನ್ನೂ ವಿಸ್ತಾರವಾಗಿ ಮಾಡಿದನು. ಹೋದಲ್ಲೆಲ್ಲ ಬೆಸ್ತರ ಬಲೆಗೆ ಬಿದ್ದ ಮೀನುಗಳನ್ನು ತರಿಸಿ ಪರೀಕ್ಷಿಸುವುದು ಅವನ ರೂಢಿಯಾಗಿತ್ತು. ಹಲುದಾರ್ ಎಂಬ ಬಂಗಾಳಿ ಕಲಾವಿದನು ಅವನಿಗಾಗಿ ಪ್ರಾಣಿಗಳ ಚಿತ್ರಗಳನ್ನು ಬರೆದನು.

ಇಪ್ಪತ್ತು ವರ್ಷಗಳ ದುಡಿಮೆಯ ಕೊನೆಗೆ ಬುಕಾನನ್ನನಿಗೆ ಅನಿರೀಕ್ಷಿತವಾದ ಆಘಾತವುಂಟಾಯಿತು. 1814ರಲ್ಲಿ ಅವನು ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಾಧಿಕಾರಿಯಾಗಿದ್ದನು. ಆರೋಗ್ಯವು ಕುಗ್ಗಿದ್ದುದರಿಂದ ಮರುವರ್ಷ ಸ್ವದೇಶಕ್ಕೆ ಹೊರಡಲು ಸಿದ್ಧನಾದಾಗ, ಅವನ ಬಳಿಯಿದ್ದ ಪ್ರಾಣಿಗಳ ಚಿತ್ರಸಂಗ್ರಹವು ಕಂಪೆನಿಗೆ ಸೇರಿದ್ದೆಂದು ಹೇಳಿ ಗವರ್ನರ್ ಜನರಲ್ ಲಾರ್ಡ್ ಮೊಯಿರಾ ಅದನ್ನು ತೆಗೆದಿರಿಸಿಕೊಂಡನು. ಆ ಚಿತ್ರಗಳನ್ನು ಲಂಡನ್ನಿಗೆ ಒಯ್ದು ಕಂಪೆನಿಯ ನಿರ್ದೇಶಕರಿಗೇ ಒಪ್ಪಿಸಬೇಕೆಂದು ಅವನು ಎಣಿಸಿದ್ದನು. ಆ ಅವಮಾನವನ್ನು ಅವನು ಮರೆಯಲಿಲ್ಲ. ಕಾಗದಗಳು ಕೈಬಿಟ್ಟರೂ ಕೆಲಸವನ್ನು ಕೈಬಿಡದೆ, ಕ್ಯಾಲಂಡರಿನ ಬಳಿಯ ಲೆನಿ ಎಂಬ ತನ್ನ ಮನೆತನದ ಎಸ್ಟೇಟಿನಲ್ಲಿ ನೆಲಸಿ, ಉಳಿದಿದ್ದ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಬರೆಯತೊಡಗಿದನು. ತಾಯಿಯ ಕಡೆಯ ಆಸ್ತಿಯು ಬಂದುದರಿಂದ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದನು. 1819ರಲ್ಲಿ ನೇಪಾಳವನ್ನು ಕುರಿತ ಗ್ರಂಥವೂ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವೂ ಪ್ರಕಟವಾದವು.

1829ರ ಜೂನ್ 15ರಂದು ಅವನು ತೀರಿಕೊಂಡನು. ಬಂಗಾಳದ ವರದಿಗಳ ಹಸ್ತಪ್ರತಿಗಳು ಆಗಲೂ ಕಂಪೆನಿಯ ಕಪಾಟುಗಳಲ್ಲಿಯೇ ಇದ್ದವು. 1838ರಲ್ಲಿ ಮಾಂಟ್‌ಗೊಮರಿ ಮಾರ್ಟಿನ್ ಎಂಬವನು ಅವುಗಳನ್ನು ಕತ್ತರಿಸಿ ಮೂರು ಸಂಪುಟಗಳಾಗಿ ಹೊರತಂದಾಗ ಗ್ರಂಥದ ಮುಖಪುಟದಲ್ಲಿ ಬುಕಾನನ್ನನ ಹೆಸರೇ ಇರಲಿಲ್ಲ!

ಮೀನುಗಳ ಗ್ರಂಥವು ಮಾತ್ರ ಅವನ ಹೆಸರನ್ನು ಉಳಿಸಿತು. ಪ್ರಯೋಗಶಾಲೆಗಳಲ್ಲಿ ಸಂಶೋಧಕರು ಸಾಕುವ ಪಟ್ಟೆಪಟ್ಟೆಯ ಜೀಬ್ರಾ ಮೀನನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದುದು ಆ ಗ್ರಂಥದಲ್ಲಿ. ರೋಹು ಮತ್ತು ಕಾಟ್ಲಾ ಮೀನುಗಳನ್ನು ವರ್ಣಿಸಿದುದೂ ಅದರಲ್ಲಿಯೇ. ಗಂಗೆಯ ಆ ಮೀನುಗಳ ಮರಿಗಳನ್ನು ಇಂದು ನಮ್ಮ ನಾಡಿನ ಕೆರೆಗಳಲ್ಲಿಯೂ ಬಿಟ್ಟು ಬೆಳೆಸುತ್ತಾರೆ. ಮೀನುಶಾಸ್ತ್ರದ ಪುಸ್ತಕಗಳಲ್ಲಿ ಅವುಗಳ ಶಾಸ್ತ್ರೀಯ ನಾಮದ ಮುಂದೆ ಹ್ಯಾಮಿಲ್ಟನ್, 1822 ಎಂದು ಬರೆದಿರುತ್ತದೆ.